ಸಾಗರಗರ್ಭದಲ್ಲಿ ತಂತಿ ಹಾಸಿದ ಸೈರಸ್ ಫೀಲ್ಡ್

ಮನೆಗೆ ಬಾಗಿಲುಂಟು, ಬಾಗಿಲಿಗೆ ಬೀಗವುಂಟು. ಹೊಲಕ್ಕೆ ಬೇಲಿಯುಂಟು, ಊರಿಗೆ ಕಾವಲುಗಾರನುಂಟು. ಆದರೆ ಎರಡು ಮೈಲಿ ಆಳದ ಕಡಲ ತಳದಲ್ಲಿ ಸಾವಿರಾರು ಮೈಲಿ ಉದ್ದಕ್ಕೆ ಬಿದ್ದಿರುವ ತಂತಿಯನ್ನು ಕಾಯುವವರಾರು? ಅಂತಹ ತಂತಿಯೊಂದನ್ನು ಅಟ್ಲಾಂಟಿಕ್ ಮಹಾಸಾಗರದಲ್ಲಿ ಹಾಸಲು ಹನ್ನೆರಡು ವರ್ಷ ಹೆಣಗಿದ, ಹಾಸಿದ ಮೇಲೆ ಅದರ ರಕ್ಷಣೆಗಾಗಿ ರಾಷ್ಟ್ರಗಳ ಮುಂದೆ ಮೊರೆಯಿಟ್ಟ ವರ್ತಕನೊಬ್ಬನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಲು ಇಲ್ಲಿ ಯತ್ನಿಸುತ್ತೇವೆ.

ಸೈರಸ್ ವೆಸ್ಟ್ ಫೀಲ್ಡನು 1819ನೆಯ ಇಸವಿ ನವೆಂಬರ್ 30ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಟಾಕ್‌ಬ್ರಿಜ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಕ್ರೈಸ್ತ ಧರ್ಮೋಪದೇಶಕ. ಮನೆ ತುಂಬ ಮಕ್ಕಳು. ಸೈರಸನು ಹದಿನೈದನೆಯ ವಯಸ್ಸಿನಲ್ಲಿಯೇ ಓದು ನಿಲ್ಲಿಸಿ ನ್ಯೂಯಾರ್ಕ್ ನಗರಕ್ಕೆ ಹೋಗಿ ಬಟ್ಟೆಯಂಗಡಿಯೊಂದರಲ್ಲಿ ಆಳಾಗಿ ಸೇರಿದನು. ಮೊದಲನೆಯ ವರ್ಷದ ಸಂಬಳ 50 ಡಾಲರು. ಕೆಲವು ವರ್ಷಗಳಲ್ಲಿ ಕಾಗದದ ವ್ಯಾಪಾರವನ್ನು ಕಲಿತು ಒಂದು ಕಂಪನಿಯಲ್ಲಿ ಪಾಲುದಾರನಾದನು. 1841ರಲ್ಲಿ ಆ ಕಂಪನಿಯು ದಿವಾಳಿಯೆದ್ದಿತು. ಸಾಲ ಕೊಟ್ಟವರು ಸಿಕ್ಕಿದಷ್ಟು ಪಡೆದು ಉಳಿದುದನ್ನು ಬಿಟ್ಟುಕೊಟ್ಟರು. ಕಾನೂನಿನ ದೃಷ್ಟಿಯಲ್ಲಿ ಫೀಲ್ಡನು ಋಣಮುಕ್ತನಾದನು. ಆದರೆ ಆತನ ಮನಸ್ಸು ಅದನ್ನು ಒಪ್ಪಲಿಲ್ಲ. ಸ್ವಂತ ವ್ಯಾಪಾರವನ್ನು ಹೂಡಿ ಹಗಲಿರುಳು ದುಡಿದು, ಸುಮಾರು ಹತ್ತು ವರ್ಷಗಳ ಮೇಲೆ ಆ ಹಳೆಯ ಸಾಲವನ್ನೆಲ್ಲ ಬಡ್ಡಿಸಹಿತ ತೀರಿಸಿದನು. ಕೇಳುವವರಿಲ್ಲದಿದ್ದರೂ ಮಾತಿಗೆ ತಪ್ಪದ ಈ ಗುಣವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ಕಡಲ ತಂತಿಗೆ ಬೇಕಾದದ್ದೂ ಇದೇ ಗುಣ.

ಮೂವತ್ತನಾಲ್ಕು ತುಂಬುವುದರೊಳಗೆ ಶ್ರೀಮಂತನಾಗಿ ವಿಶ್ರಾಂತಿ ಪಡೆಯುತ್ತಿದ್ದ ಫೀಲ್ಡನ ಬಳಿಗೆ 1854ರಲ್ಲಿ ಗಿಸ್‌ಬೋರ್ನ್ ಎಂಬ ತಂತಿ ಎಂಜಿನಿಯರನು ಬಂದನು. ನ್ಯೂಫೌಂಡ್‌ಲೆಂಡ್ ದ್ವೀಪದ ಉದ್ದಕ್ಕೂ ತಂತಿ ಹಾಕಿದರೆ ಯೂರೋಪಿನ ಹಡಗುಗಳು ತರುವ ಸುದ್ದಿಯು ನ್ಯೂಯಾರ್ಕಿಗೆ ಕೆಲವು ದಿನ ಮೊದಲೇ ತಲುಪುವುದೆಂದು ವಿವರಿಸಿದನು. ಆತನು ಹೋದ ಮೇಲೆ ಫೀಲ್ಡನು ತನ್ನ ಕೋಣೆಯಲ್ಲಿದ್ದ ಭೂಗೋಲವನ್ನು ತಿರುಗಿಸಿ ನೋಡುತ್ತ, ದ್ವೀಪದಲ್ಲಿಯೇ ಏಕೆ ನಿಲ್ಲಬೇಕು, ಸಾಗರವನ್ನೇ ದಾಟಬಾರದೇಕೆ ಎಂದು ಯೋಚಿಸಿದನಂತೆ. ಅಂದಿನ ದಿನಗಳಲ್ಲಿ ಇಂಗ್ಲೆಂಡಿನ ಪತ್ರವು ಅಮೆರಿಕಕ್ಕೆ ಬರಲು ಹತ್ತು ದಿನಗಳಾದರೂ ಬೇಕಾಗಿದ್ದವು. ತಂತಿ ಸಂಕೇತಗಳ ಜನಕನಾದ ಮೋರ್ಸನನ್ನೂ ಸಾಗರಶಾಸ್ತ್ರ ಬಲ್ಲ ನೌಕಾದಳದ ಅಧಿಕಾರಿಯೊಬ್ಬನನ್ನೂ ಆತನು ವಿಚಾರಿಸಿದನು. ಇಬ್ಬರೂ ಇದು ಸಾಧ್ಯವೆಂದರು. ಫೀಲ್ಡನ ವಿಶ್ರಾಂತಿ ಅಲ್ಲಿಗೆ ಮುಗಿಯಿತು.

ತಾಮ್ರದ ತಂತಿಗಳನ್ನು ಹೆಣೆದು, ಅದಕ್ಕೆ ನೀರು ಸೋಕದಂತೆ ಗಟ್ಟಾಪರ್ಚಾ ಎಂಬ ಮರದ ಹಾಲಿನ ಅಂಟನ್ನು ಬಳಿದು, ಮೇಲೆ ಕಬ್ಬಿಣದ ಸರಿಗೆಗಳನ್ನು ಸುತ್ತಿ ಕೇಬಲನ್ನು ಸಿದ್ಧಪಡಿಸಿದರು. ಒಂದೇ ಹಡಗು ಅಷ್ಟು ಭಾರವನ್ನು ಹೊರಲಾರದಾಗಿತ್ತು. ಅಮೆರಿಕವು ನಯಾಗರಾ ಎಂಬ ಯುದ್ಧನೌಕೆಯನ್ನೂ ಬ್ರಿಟನ್ನು ಅಗಮೆಮ್ನಾನ್ ಎಂಬುದನ್ನೂ ಕೊಟ್ಟವು. 1857ರಲ್ಲಿ ಐರ್ಲೆಂಡಿನ ವೆಲೆನ್ಷಿಯಾದಿಂದ ಹೊರಟಾಗ ಕೇಬಲು ನಡುಗಡಲಲ್ಲಿ ಹರಿದುಹೋಯಿತು. 1858ರ ಜೂನ್ ತಿಂಗಳಲ್ಲಿ ಬಿರುಗಾಳಿಗೆ ಸಿಕ್ಕಿ ಅಗಮೆಮ್ನಾನ್ ಮುಳುಗುವಂತಾಯಿತು. ಕೇಬಲು ಮತ್ತೆ ಮತ್ತೆ ತುಂಡಾಯಿತು. ಪುನಃ ಹೊರಟು, ಎರಡು ಹಡಗುಗಳೂ ಸಾಗರಮಧ್ಯದಲ್ಲಿ ಕೇಬಲಿನ ತುದಿಗಳನ್ನು ಬೆಸೆದು ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಸಾಗಿ, ಆಗಸ್ಟ್ 5ರಂದು ದಡ ಮುಟ್ಟಿದವು. ವಿಕ್ಟೋರಿಯಾ ರಾಣಿಯ 98 ಪದಗಳ ಶುಭಾಶಯವು ದಾಟಲು ಸುಮಾರು 16 ಗಂಟೆಗಳು ಹಿಡಿದರೂ ಜನರ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ತಂತಿಯ ದೋಷಗಳ ಜೊತೆಗೆ ಅತಿಯಾದ ವಿದ್ಯುತ್ತನ್ನು ಹಾಯಿಸಿದುದರಿಂದ ಕೆಲವೇ ವಾರಗಳಲ್ಲಿ ಅದು ಮೂಕವಾಯಿತು. ಹೊಗಳಿದ ಬಾಯಿಗಳೇ ಇದೆಲ್ಲ ಮೋಸವೆಂದು ತೆಗಳತೊಡಗಿದವು.

ಅಮೆರಿಕದ ಅಂತರ್ಯುದ್ಧದಿಂದ ಕೆಲಸವು ಹಲವು ವರ್ಷ ನಿಂತಿತು. 1865ರಲ್ಲಿ ಅಂದಿನ ಜಗತ್ತಿನ ಅತಿ ದೊಡ್ಡ ಹಡಗಾದ ಗ್ರೇಟ್ ಈಸ್ಟರ್ನ್ ಇಡೀ ಕೇಬಲನ್ನು ತಾನೊಂದೇ ಹೊತ್ತು ಹೊರಟಿತು. ದಾರಿಯಲ್ಲಿ ಕೇಬಲಿಗೆ ಕಬ್ಬಿಣದ ಸರಿಗೆಯ ಚೂರು ಚುಚ್ಚಿಕೊಂಡಿರುವುದು ಎರಡು ಸಲ ಕಂಡುಬಂದಿತು. ಕೆಲಸಗಾರರಲ್ಲಿ ಯಾರೋ ದ್ರೋಹವೆಸಗಿದರೆಂಬ ಶಂಕೆ ಹುಟ್ಟಿ, ಫೀಲ್ಡನೂ ಸೇರಿದಂತೆ ಗಣ್ಯರು ಸರದಿಯ ಮೇಲೆ ಕಾವಲು ಕುಳಿತರು. ಮೂರನೆಯ ಸಲ ದೋಷ ಕಂಡಾಗ ಪರೀಕ್ಷಿಸಿದರೆ, ಕೇಬಲಿನ ಹೊರಮೈಯ ಪೆಡಸಾದ ಸರಿಗೆಯೇ ಮುರಿದು ಒಳಕ್ಕೆ ಚುಚ್ಚುತ್ತಿದ್ದಿತು! ನಿರಪರಾಧಿಗಳ ಮೇಲಿನ ಸಂಶಯವು ದೂರವಾಯಿತು. ಆದರೆ ಆ ದೋಷವನ್ನು ಸರಿಪಡಿಸಲು ಮೇಲಕ್ಕೆಳೆಯುವಾಗ, 1,200 ಮೈಲಿ ಹಾಸಿದ ಕೇಬಲು ಹರಿದು ಸಮುದ್ರದ ಪಾಲಾಯಿತು.

ಫೀಲ್ಡನು ಎದೆಗುಂದಲಿಲ್ಲ. ಹಣ ಕೂಡಿಸಿ, ಹೊಸ ಕೇಬಲು ಮಾಡಿಸಿ, ಮರುವರ್ಷ ಮತ್ತೆ ಹೊರಟನು. 1866ನೆಯ ಜುಲೈ 27ರಂದು ನ್ಯೂಫೌಂಡ್‌ಲೆಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಬೆಸ್ತರ ಹಳ್ಳಿಯಲ್ಲಿ ಕೇಬಲು ದಡ ಸೇರಿತು. ಅಷ್ಟಕ್ಕೇ ನಿಲ್ಲದೆ ಗ್ರೇಟ್ ಈಸ್ಟರ್ನ್ ಹಿಂದಿರುಗಿ ಹೋಗಿ, ಎರಡು ಮೈಲಿಗೂ ಹೆಚ್ಚಿನ ಆಳದಿಂದ ಹಿಂದಿನ ವರ್ಷದ ಕೇಬಲನ್ನು ಕೊಕ್ಕೆ ಹಾಕಿ ಮೇಲೆತ್ತಿ, ಅದನ್ನೂ ಪೂರ್ತಿಗೊಳಿಸಿತು. ಎರಡು ಖಂಡಗಳ ನಡುವೆ ಈಗ ಎರಡು ತಂತಿಗಳಾದವು. ಅದೇ ಹಡಗು 1870ರ ಫೆಬ್ರವರಿಯಲ್ಲಿ ನಮ್ಮ ಈ ಮುಂಬಯಿಯಿಂದ ಏಡನ್ನಿಗೆ ಕೇಬಲು ಹಾಸಿತೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ತಿಳಿದಿರಬೇಕು.

ಹಾಸುವ ಕಷ್ಟ ಮುಗಿಯುತ್ತಲೇ ಕಾಯುವ ಕಷ್ಟ ಎದುರಾಯಿತು. 1850ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಹಾಕಿದ ಮೊದಲನೆಯ ತಂತಿಯು ಒಂದೇ ದಿನದಲ್ಲಿ ಕೆಟ್ಟಿತ್ತು. ಬೆಸ್ತನೊಬ್ಬನು ಅದನ್ನು ಹೊಸ ಬಗೆಯ ಕಡಲ ಪಾಚಿಯೆಂದು ಬಗೆದು ತುಂಡರಿಸಿದನೆಂಬ ಪ್ರತೀತಿಯುಂಟು. ಆ ಬಡವನಿಗೆ ಹಗೆಯೇನೂ ಇರಲಿಲ್ಲ; ತಿಳಿವಳಿಕೆಯಿರಲಿಲ್ಲ. ತೀರದಿಂದ ಬಹುದೂರದ ಕಡಲು ಯಾವ ಅರಸನ ಸೊತ್ತೂ ಅಲ್ಲವಾದುದರಿಂದ ಅಲ್ಲಿ ಒಂದು ದೇಶದ ಕಾನೂನು ಸಾಲದು. 1871ರ ಡಿಸೆಂಬರಿನಲ್ಲಿ ರೋಮ್ ನಗರದಲ್ಲಿ ಅಂತರರಾಷ್ಟ್ರೀಯ ತಂತಿ ಸಮ್ಮೇಳನವು ನೆರೆದಾಗ ಫೀಲ್ಡನು ಅಲ್ಲಿಗೆ ಹೋಗಿ, ಕಡಲ ತಂತಿಗಳನ್ನು ಯುದ್ಧಕಾಲದಲ್ಲಿಯೂ ಯಾರೂ ಮುಟ್ಟಬಾರದೆಂದು ವಾದಿಸಿದನು. ವೃದ್ಧನಾಗಿದ್ದ ಮೋರ್ಸನು ಇದನ್ನೇ ಬೆಂಬಲಿಸಿ ಆತನಿಗೆ ಪತ್ರ ಬರೆದು ಕೊಟ್ಟನು.

ಬೀಜವು ಮೊಳೆಯಲು ಹನ್ನೆರಡು ವರ್ಷಗಳಾದವು. 1884ರ ಮಾರ್ಚ್ 14ರಂದು ಪ್ಯಾರಿಸ್ಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು ಕಡಲ ತಂತಿಗಳ ರಕ್ಷಣೆಯ ಒಡಂಬಡಿಕೆಗೆ ಸಹಿ ಹಾಕಿದವು. ಬೇಕೆಂದೋ ಅಲಕ್ಷ್ಯದಿಂದಲೋ ಕೇಬಲನ್ನು ಕೆಡಿಸುವುದು ಶಿಕ್ಷಾರ್ಹವಾಯಿತು. ಕೇಬಲು ಹಾಸುವ ಹಡಗಿನಿಂದ ಇತರ ಹಡಗುಗಳು ಒಂದು ಕಡಲ ಮೈಲಿಯಾದರೂ ದೂರವಿರಬೇಕೆಂದು ವಿಧಿಸಿದರು. ಇದಕ್ಕಿಂತ ಸೊಗಸಾದ ನಿಯಮ ಇನ್ನೊಂದಿದೆ: ಕೇಬಲಿಗೆ ಸಿಕ್ಕಿಕೊಂಡ ಲಂಗರನ್ನಾಗಲಿ ಬಲೆಯನ್ನಾಗಲಿ ಎಳೆದು ಕೇಬಲನ್ನು ಕೆಡಿಸುವ ಬದಲು, ತನ್ನದನ್ನೇ ಕಡಿದು ಬಿಟ್ಟವನಿಗೆ ಕೇಬಲಿನ ಒಡೆಯನು ನಷ್ಟ ತುಂಬಿಕೊಡಬೇಕು. ಬೆಸ್ತನನ್ನು ದಂಡಿಸುವುದಷ್ಟೇ ಅಲ್ಲ, ಅವನನ್ನು ಜೊತೆಗಾರನನ್ನಾಗಿ ಮಾಡಿಕೊಳ್ಳುವ ವಿವೇಕ ಇದರಲ್ಲಿದೆ. ಆದರೆ ಯುದ್ಧದ ವಿಷಯದಲ್ಲಿ ಫೀಲ್ಡನ ಆಸೆ ಈಡೇರಲಿಲ್ಲ. ಹೋರಾಡುವ ದೇಶಗಳ ಕೈಯನ್ನು ಈ ಒಡಂಬಡಿಕೆಯು ಕಟ್ಟಲಿಲ್ಲ. 1858ರಲ್ಲಿ ಎರಡು ಖಂಡಗಳು ಕೂಡಿದ ಅದೇ ಆಗಸ್ಟ್ 5ರಂದು, 1914ರಲ್ಲಿ, ಬ್ರಿಟಿಷ್ ಕೇಬಲು ಹಡಗೊಂದು ಜರ್ಮನಿಯ ಕಡಲ ತಂತಿಗಳನ್ನು ಕತ್ತರಿಸಿತು.

ಅದನ್ನು ನೋಡಲು ಫೀಲ್ಡನು ಉಳಿದಿರಲಿಲ್ಲ. 1887ರಲ್ಲಿ ರೈಲ್ವೆ ಷೇರುಗಳ ವ್ಯವಹಾರದಲ್ಲಿ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡು, 1892ರ ಜುಲೈ 12ರಂದು ಆತನು ಕಣ್ಮುಚ್ಚಿದನು. ಕೇಬಲಿನಲ್ಲಿ ತೋರಿದ ತಾಳ್ಮೆಯನ್ನು ಷೇರುಪೇಟೆಯಲ್ಲಿ ತೋರಲಿಲ್ಲವೆಂದು ಹೇಳಿದರೆ ತಪ್ಪಾಗಲಾರದು.

ಈಗ ತಾಮ್ರದ ಬದಲು ಕೂದಲೆಳೆಯಂತಹ ಗಾಜಿನ ನಾರುಗಳಲ್ಲಿ ಬೆಳಕು ಹರಿದು ಸುದ್ದಿಯನ್ನು ಒಯ್ಯುತ್ತದೆ. ಖಂಡಗಳ ನಡುವಿನ ಇಂಟರ್‌ನೆಟ್ ಸಂಚಾರದಲ್ಲಿ ಬಹುಪಾಲು ಆಕಾಶದಲ್ಲಿ ಹೋಗದೆ ಕಡಲ ತಳದಲ್ಲಿಯೇ ಹೋಗುತ್ತದೆ. ವರ್ಷಕ್ಕೆ 150ರಿಂದ 200 ಕಡೆ ಕೇಬಲುಗಳು ಕೆಡುತ್ತವೆ. ಹೆಚ್ಚಿನವು ಮೀನಿನ ಬಲೆಗಳಿಂದ ಮತ್ತು ಲಂಗರುಗಳಿಂದ. ಇದನ್ನು ತಡೆಯಲು ಕೇಬಲು ಕಂಪನಿಗಳು 1958ರಲ್ಲಿ ಒಂದು ಸಮಿತಿಯನ್ನು ಕಟ್ಟಿಕೊಂಡವು. ಇಂದು ಅದಕ್ಕೆ ಅಂತರರಾಷ್ಟ್ರೀಯ ಕೇಬಲ್ ರಕ್ಷಣಾ ಸಮಿತಿಯೆಂದು ಹೆಸರು. ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳಾದ ಕಂಪನಿಗಳು ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತು, ಕೇಬಲು ಎಲ್ಲೆಲ್ಲಿ ಬಿದ್ದಿದೆಯೆಂದು ನಾವಿಕರಿಗೂ ಬೆಸ್ತರಿಗೂ ತಿಳಿಸುವ ಮಾರ್ಗಗಳನ್ನು ಚರ್ಚಿಸುತ್ತವೆ. 2024ರಲ್ಲಿ ವಿಶ್ವಸಂಸ್ಥೆಯ ದೂರಸಂಪರ್ಕ ಸಂಘವೂ ಈ ಸಮಿತಿಯೂ ಕೂಡಿ ಒಂದು ಸಲಹಾ ಮಂಡಲಿಯನ್ನು ಸ್ಥಾಪಿಸಿದವು.

ದುಬೈಯಲ್ಲಿರುವ ಅಣ್ಣನೊಡನೆಯೋ ಚಿಕ್ಕಪ್ಪನೊಡನೆಯೋ ಫೋನಿನಲ್ಲಿ ಮಾತನಾಡುವಾಗ ನಮ್ಮ ವಿದ್ಯಾರ್ಥಿಗಳ ಕನ್ನಡವು ಇಂತಹ ಎಳೆಗಳ ಮೇಲೆಯೇ ಅರಬ್ಬೀ ಸಮುದ್ರವನ್ನು ದಾಟುತ್ತದೆ. ಪೊಲೀಸನಿಲ್ಲದ ಆ ಕತ್ತಲೆಯ ಆಳದಲ್ಲಿ ಅದನ್ನು ಉಳಿಸಿರುವುದು, ಗುರುತಿಲ್ಲದ ನಾವಿಕನೊಬ್ಬನು ನಕ್ಷೆಯನ್ನು ನೋಡಿ ಲಂಗರನ್ನು ಬೇರೆಡೆ ಇಳಿಸುವ ಪ್ರಾಮಾಣಿಕತೆ. ಯಾರೂ ಕೇಳದಿದ್ದರೂ ಹಳೆಯ ಸಾಲವನ್ನು ತೀರಿಸಿದ ಫೀಲ್ಡನ ಪ್ರಾಮಾಣಿಕತೆಯೂ ಇದೇ ಬಗೆಯದು. ಅದನ್ನು ಶಾಲೆಯಲ್ಲಿರುವಾಗಲೇ ನಮ್ಮ ಮಕ್ಕಳು ರೂಢಿಸಿಕೊಳ್ಳಲೆಂದು ನಾವು ಹಾರೈಸುತ್ತೇವೆ.