ಗುಬ್ಬಿಗಳ ಲೆಕ್ಕ ಬರೆದಿಟ್ಟ ಸಲೀಂ ಅಲಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸಾಕಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ. ಏರ್‌ಗನ್‌ನಿಂದ ಗುಬ್ಬಿ ಹೊಡೆಯುವುದು ಹುಡುಗನ ಆಟ. ಒಮ್ಮೆ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ತಿನ್ನಬಹುದೋ ಬಾರದೋ ಎಂಬ ಅನುಮಾನದಿಂದ ಮಾವನ ಬಳಿ ಒಯ್ದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿ, ಅಲ್ಲಿನ ಸಂಗ್ರಹವನ್ನೆಲ್ಲ ತೋರಿಸಿದರು.

ಈ ಕಥೆ ಬಹಳ ಜನರಿಗೆ ಗೊತ್ತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಹತ್ತು ವರ್ಷದ ಆಸುಪಾಸಿನಲ್ಲಿ ಆತ ಒಂದು ಗೂಡಿನ ಗಂಡು ಗುಬ್ಬಿಯನ್ನು ಹೊಡೆದ. ಹೆಣ್ಣು ಗುಬ್ಬಿ ಇನ್ನೊಂದು ಗಂಡನ್ನು ಕರೆತಂದಿತು. ಅದನ್ನೂ ಹೊಡೆದ. ಏಳು ದಿನದಲ್ಲಿ ಎಂಟು ಗಂಡುಗಳು! ಪಾಪದ ಕೆಲಸವೇ, ಆದರೆ ಎಲ್ಲವನ್ನೂ ಬರೆದಿಟ್ಟ. ಹಲವು ದಶಕಗಳ ಮೇಲೆ ಆ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯಲ್ಲಿ ಅಚ್ಚಾಯಿತು.

ಕಾಲೇಜಿನಲ್ಲಿ ಗಣಿತ ಕೈಕೊಟ್ಟಿತು. ಬರ್ಮಾಕ್ಕೆ ಹೋಗಿ ಅಣ್ಣನ ವ್ಯವಹಾರ ನೋಡಿಕೊಂಡರು. ಮರಳಿ ಬಂದು ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಶಾಸ್ತ್ರ ಓದಿದರು. ಹೌದು, ಅವರೂ ನಮ್ಮ ಕಾಮರ್ಸ್‌ನವರೇ! ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರ್ಕಾರದ ಪಕ್ಷಿತಜ್ಞರ ಹುದ್ದೆ ಸಿಗಲಿಲ್ಲ. 1930ರಲ್ಲಿ ಕೆಲಸವಿಲ್ಲದೆ ಕಿಹೀಮ್‌ನಲ್ಲಿದ್ದಾಗ ಗೀಜಗದ ಗೂಡುಗಳನ್ನು ದಿನವೂ ಕುಳಿತು ನೋಡಿದರು. ಒಂದೇ ಗಂಡು ಹಲವು ಗೂಡು ಕಟ್ಟಿ, ಒಂದರ ನಂತರ ಒಂದು ಹೆಣ್ಣನ್ನು ಸೇರಿಸಿಕೊಳ್ಳುತ್ತದೆ ಎಂದು ಬರೆದರು. ಅವರಿಗೆ ಹೆಸರು ತಂದಿದ್ದೇ ಈ ಬರಹ.

ಆಮೇಲೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಿದ್ದು ಅವರ ಒತ್ತಾಯದಿಂದಲೇ. 1976ರಲ್ಲಿ ಪದ್ಮವಿಭೂಷಣ ಬಂತು. 1987ರಲ್ಲಿ ತೀರಿಕೊಂಡರು.

ಅವರ ಕೈಯಲ್ಲಿ ನೋಟ್‌ಬುಕ್ ಇತ್ತು, ನಮ್ಮ ಕೈಯಲ್ಲಿ ಫೋನ್ ಇದೆ. ಇ-ಬರ್ಡ್ ಆ್ಯಪ್‌ನಲ್ಲಿ ನೋಡಿದ ಹಕ್ಕಿ, ಸಂಖ್ಯೆ, ಜಾಗ, ಸಮಯ ದಾಖಲಿಸಬಹುದು. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ತಯಾರಾಗಿದ್ದು 30,000ಕ್ಕೂ ಹೆಚ್ಚು ಜನ ಹೀಗೆ ಬರೆದ ದಾಖಲೆಗಳಿಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ನಡೆಯುತ್ತದೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನೋಡಿದರೆ ಸಾಕು, ತಮ್ಮ ತಂಗಿಯರೂ ಸೇರಬಹುದು. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರು ಇಳಿದಾಗ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಫೋಟೋ ಆಸೆಗೆ ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ದೂರದಿಂದಲೇ ಎಣಿಸಿ ಬರೆದರೂ ಅದು ದಾಖಲೆಯೇ.