ಚಿತ್ರಕಥೆಗಳಿಗಿಂತ ಮೊದಲಿನ ವೀರರಾಣಿ ಚಾಂದಬೀಬಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬರ ಜೀವನಚರಿತ್ರೆ ಬರೆಯಬೇಕೆಂದಾಗ ನಾನು ಚಾಂದಬೀಬಿಯನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ಗುಂಡು ತಡೆಯುವ, ಒಂದೇ ಏಟಿಗೆ ವೈರಿಗಳನ್ನು ಕೆಡವುವ ನಾಯಕಿಯರನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡಿ ಬೆರಗಾಗುತ್ತಾರೆ. ಅಂಥ ನಾಯಕಿಯರು ಹೆಸರಾದದ್ದು ಅಮೆರಿಕದ ಚಿತ್ರಕಥೆಗಳಲ್ಲಿ. 1941ರಲ್ಲಿ ಮಿಸ್ ಫ್ಯೂರಿ ಬಂದಳು, ಅದೇ ವರ್ಷದ ಕೊನೆಗೆ ವಂಡರ್ ವುಮನ್ ಬಂದಳು. ಮಿಸ್ ಫ್ಯೂರಿಯನ್ನು ರಚಿಸಿದ ಟಾರ್ಪೆ ಮಿಲ್ಸ್ ಒಬ್ಬ ಮಹಿಳೆ. ಬರೆದವಳು ಹೆಂಗಸೆಂದು ಓದುಗರಿಗೆ ತಿಳಿಯಬಾರದೆಂದು ಜೂನ್ ಎಂಬ ತನ್ನ ಮೊದಲ ಹೆಸರನ್ನೇ ಆಕೆ ಕೈಬಿಟ್ಟಿದ್ದಳು. ಇದಕ್ಕೆ ಮೂರೂವರೆ ಶತಮಾನ ಮೊದಲೇ ನಮ್ಮ ವಿಜಯಪುರದಲ್ಲಿ ಅಂಥ ನಾಯಕಿಯೊಬ್ಬಳು ನಿಜವಾಗಿ ಬಾಳಿದ್ದಳು. ಮುಂದೆ ಕಾರ್ಕಳದ ಅನಂತ ಪೈ ಅವರು ರೂಪಿಸಿದ ಅಮರ ಚಿತ್ರಕಥೆ ಮಾಲೆಯಲ್ಲಿ ಆಕೆಯ ಕಥೆಯೂ ಬಂತು.

ಚಾಂದಬೀಬಿ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು. ಹುಟ್ಟಿದ್ದು 1550ರ ಸುಮಾರಿಗೆ. ವಿಜಯನಗರದ ವಿರುದ್ಧ ದಖನ್ನಿನ ಸುಲ್ತಾನರು ಒಂದಾಗುವಾಗ ಆಕೆಯನ್ನು ವಿಜಯಪುರದ ಒಂದನೆಯ ಅಲಿ ಆದಿಲಶಾಹನಿಗೆ ಮದುವೆ ಮಾಡಿಕೊಟ್ಟರು. ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ನಮ್ಮೂರ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೆ ಹೋದವರು ಆ ಕೋಟೆಯನ್ನು ಕಂಡೇ ಇರುತ್ತಾರೆ. ಆಕೆ ಅರಬ್ಬಿ, ಫಾರ್ಸಿಯ ಜೊತೆಗೆ ಮರಾಠಿ, ಕನ್ನಡವನ್ನೂ ಬಲ್ಲವಳು. ಗಂಡನ ಸಂಗಡ ಕುದುರೆ ಏರಿ ಬೇಟೆಗೂ ದಂಡಿಗೂ ಹೋಗುತ್ತಿದ್ದಳು. ವಿಜಯಪುರದ ಶಹಾಪುರ ಅಗಸಿಯ ಹತ್ತಿರ ಅಲಿ ಕಟ್ಟಿಸಿದ ಚಾಂದ ಬಾವಡಿ ಇಂದಿಗೂ ಆಕೆಯ ಹೆಸರು ಹೊತ್ತಿದೆ.

1580ರಲ್ಲಿ ಅಲಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಇಬ್ರಾಹಿಮನನ್ನು ಪಟ್ಟಕ್ಕೆ ಕೂಡಿಸಿ ಚಾಂದಬೀಬಿ ರಾಜ್ಯದ ಹೊಣೆ ಹೊತ್ತಳು. ಅಧಿಕಾರದಾಸೆಯ ಸರದಾರ ಕಿಶ್ವರಖಾನ ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಹಬಶಿ ಸರದಾರರು ಅವನ ವಿರುದ್ಧ ಎದ್ದಾಗ ಆಕೆ ಬಿಡುಗಡೆಯಾಗಿ ಬಂದಳು. ಅಷ್ಟರಲ್ಲಿ ನೆರೆಯ ರಾಜ್ಯಗಳ ಸೇನೆ ವಿಜಯಪುರವನ್ನು ಮುತ್ತಿತು. ಅದರಲ್ಲಿ ತವರಿನ ಸೇನೆಯೂ ಇತ್ತು. ಮಳೆಗೆ ಕುಸಿದ ಗೋಡೆಯನ್ನು ಆಕೆ ಮುಂದೆ ನಿಂತು ಕಟ್ಟಿಸಿದಳು. ಕೊನೆಗೆ ಮುತ್ತಿಗೆ ಹಾಕಿದವರು ಹಿಂದಿರುಗಿದರು. ಆಕೆ ಕಾಪಾಡಿದ ಆ ಹುಡುಗನೇ ಮುಂದೆ ಜಗದ್ಗುರು ಬಾದಶಹನೆಂದು ಹೆಸರಾದ ಎರಡನೆಯ ಇಬ್ರಾಹಿಂ.

ನಂತರ ಆಕೆ ತವರಿಗೆ ಮರಳಿದಳು. 1595ರ ಕೊನೆಗೆ ಅಕ್ಬರನ ಮಗ ಮುರಾದ ಅಹಮದನಗರವನ್ನು ಮುತ್ತಿ, ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿಸಿದ. ಕೋಟೆಯೊಳಗಿನವರು ಕೆಲವು ಸುರಂಗಗಳನ್ನು ಪತ್ತೆಹಚ್ಚಿ ಕೆಡಿಸಿದರು. ಒಂದು ಮಾತ್ರ ಸಿಡಿದು ಗೋಡೆ ಬಾಯಿ ಬಿಟ್ಟಿತು. ಕಾವಲಿನವರು ಓಡತೊಡಗಿದಾಗ, ಮುಸುಕು ಹಾಕಿ ಕವಚ ತೊಟ್ಟು, ಬಿಚ್ಚುಗತ್ತಿ ಹಿಡಿದು ಚಾಂದಬೀಬಿ ಆ ಬಿರುಕಿನಲ್ಲಿ ಬಂದು ನಿಂತಳು. ಓಡಿದವರು ತಿರುಗಿ ಬಂದರು. ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಎದ್ದಿತ್ತು. ವರ್‍ಹಾಡ ಪ್ರಾಂತವನ್ನು ಬಿಟ್ಟುಕೊಟ್ಟು ಅಹಮದನಗರವನ್ನು ಉಳಿಸಿಕೊಂಡಳು.

ಚಿತ್ರಕಥೆಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. 1600ರಲ್ಲಿ ಮೊಗಲರು ಮತ್ತೆ ಬಂದರು. ಈ ಸಲ ಗೆಲ್ಲುವುದು ಸಾಧ್ಯವಿಲ್ಲವೆಂದು ಆಕೆಗೆ ತಿಳಿದಿತ್ತು. ಬಾಲಕ ದೊರೆಯನ್ನೂ ಕೋಟೆಯ ಜನರನ್ನೂ ಉಳಿಸಲು ಸಂಧಿಗೆ ಮುಂದಾದಳು. ಹಮೀದಖಾನ ಆಕೆಯನ್ನು ದ್ರೋಹಿಯೆಂದು ಸಾರಿದ. ಕೆರಳಿದ ಸೈನಿಕರು ಅರಮನೆಗೆ ನುಗ್ಗಿ ಕೊಂದುಹಾಕಿದರು. ಕೋಟೆ ಹೆಚ್ಚು ದಿನ ಉಳಿಯಲಿಲ್ಲ. ಒಳಗಿದ್ದ ಎಷ್ಟೋ ಜನ ಹತರಾದರು, ದೊರೆ ಗ್ವಾಲಿಯರಿನ ಸೆರೆಮನೆ ಸೇರಿದ.

ಆಕೆಗೆ ಮಾಯಾಶಕ್ತಿ ಇರಲಿಲ್ಲ. ಇದ್ದದ್ದು ಎಳವೆಯಲ್ಲಿ ಕಲಿತ ಭಾಷೆ, ಕುದುರೆ ಸವಾರಿ, ರಾಜ್ಯಭಾರದ ತಿಳಿವಳಿಕೆ. ಕಲಿಸಿದವರಿದ್ದರು, ಆಕೆ ಕಲಿತಳು. ಕತ್ತಿ ಹಿಡಿದಾಗ ಹಿಂದೆ ಬಂದ ಜನರೇ ಬುದ್ಧಿ ಹೇಳಿದಾಗ ಕೇಳಲಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ. ನಾವೂ ಗ್ಯಾದರಿಂಗಿನಲ್ಲಿ ಹೆಣ್ಣುಮಕ್ಕಳಿಗೆ ರಾಣಿ ವೇಷ ಹಾಕಿಸಿ ಚಪ್ಪಾಳೆ ತಟ್ಟುತ್ತೇವೆ. ಹತ್ತನೆಯ ತರಗತಿ ಮುಗಿದ ಮೇಲೆ ಮುಂದೆ ಓದುತ್ತೇನೆ, ಈಗಲೇ ಮದುವೆ ಬೇಡ ಎಂದು ಅದೇ ಹುಡುಗಿ ಹೇಳಿದರೆ ಎಷ್ಟು ಮನೆಗಳಲ್ಲಿ ಕೇಳುತ್ತಾರೆ? ಐವತ್ತು ವರ್ಷ ತುಂಬಿದ ಈ ಶಾಲೆಯಿಂದ ಇನ್ನು ಮುಂದೆ ಹೊರಡುವ ಪ್ರತಿಯೊಬ್ಬ ಹುಡುಗಿಯ ಮಾತಿಗೂ ಊರಿನಲ್ಲಿ ಬೆಲೆ ಸಿಗಲಿ.