ಹಿಂಡಿಯಲ್ಲಿ ಅನ್ನ ಕಂಡ ವಿಜ್ಞಾನಿ

ದಾವಣಗೆರೆ, ಹರಿಹರ ಸೀಮೆಯವರಾದ ನಮಗೆ ಶೇಂಗಾ ಹಿಂಡಿ ಎಂದರೆ ದನಕರುಗಳ ಮೇವು. ಎಣ್ಣೆ ತೆಗೆದ ಮೇಲೂ ಅದರಲ್ಲಿ ಉಳಿಯುವ ಸಸಾರಜನಕವನ್ನು ಬಡಮಕ್ಕಳ ಬಾಯಿಗೆ ತಲುಪಿಸಲು ಶ್ರಮಿಸಿದವರು ದಿವಂಗತ ಡಾ. ವಿ. ಸುಬ್ರಹ್ಮಣ್ಯನ್ ಅವರು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, 1950ರಲ್ಲಿ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಪ್ರಥಮ ನಿರ್ದೇಶಕರಾದರು.

ಎದೆಹಾಲು ಬಿಟ್ಟ ಕೂಸಿಗೆ ಬರಿಯ ಗಂಜಿಯೇ ಗತಿಯಾದರೆ ಮೈ ಬಾತು, ಕೂದಲು ಕೆಂಚಾಗಿ, ಲವಲವಿಕೆ ಕುಂದುತ್ತದೆ. ಹಾಲು ಕೊಳ್ಳಲಾರದ ತಾಯಿಗೆ ಬೇರೆ ದಾರಿ ಬೇಕಿತ್ತು. ಅವರ ಮುಂದಾಳುತನದಲ್ಲಿ ಮುಕ್ಕಾಲು ಪಾಲು ಶುದ್ಧ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಬೆರೆಸಿ, ಜೀವಸತ್ವಗಳನ್ನೂ ಸುಣ್ಣಾಂಶವನ್ನೂ ಕೂಡಿಸಿದ ‘ಬಹೂಪಯೋಗಿ ಆಹಾರ’ ಸಿದ್ಧವಾಯಿತು. ನಿತ್ಯದ ಗಂಜಿ, ಅಂಬಲಿಯಲ್ಲಿ ಕಲಸಿ ಉಣಿಸಬಹುದಾದ ಪುಡಿಯದು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವೂ ಅದೇ ಸಂಸ್ಥೆಯಿಂದ ಹೊರಬಂದಿತು.

1960ರ ಬಳಿಕ, ಬೂಷ್ಟು ಹಿಡಿದ ಶೇಂಗಾದಲ್ಲಿ ವಿಷವುಂಟಾಗುವುದೆಂದು ಜಗತ್ತು ಅರಿತಾಗ, ಕಾಯಿಯನ್ನು ಚೆನ್ನಾಗಿ ಒಣಗಿಸಿ, ಕೆಟ್ಟ ಬೀಜಗಳನ್ನು ಆರಿಸಿ ತೆಗೆಯುವ ಎಚ್ಚರವೂ ಈ ಕಾರ್ಯದ ಅಂಗವಾಯಿತು.

ತೀರ ಸೊರಗಿದ ಮಗುವಿಗೆ ಮೊದಲು ವೈದ್ಯರ ಆರೈಕೆ ದೊರೆಯಲಿ. ಮನೆಗೆ ಮರಳಿದ ಮೇಲೆ ಅದರ ಗಂಜಿಯಲ್ಲಿ ಕಾಳುಬೇಳೆ ಸೇರಲಿ. ಈ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.